ಓಗೊಟ್ಟರು, ಬರಲಿಲ್ಲ

ಗದ್ದೆಗೆ ಶೇಂಗಾ ಬಿದ್ದಿತೆಂದರೆ ಮಂಗ ಬರುತ್ತದೆ, ಹಂದಿ ಬರುತ್ತದೆ. ಕುಮಟಾ ಹತ್ತಿರದ ಬಾಡ ಊರಿನಲ್ಲಿ ಇದು ಹೊಸ ಸುದ್ದಿಯಲ್ಲ. ಗದ್ದೆಯಲ್ಲಿದ್ದವರು ಬಾಯಿಗೆ ಕೈ ಅಡ್ಡ ಹಿಡಿದು "ಕೂಊ" ಎಂದು ಕೂಗುತ್ತಾರೆ. ಮನೆಯಲ್ಲಿದ್ದವರು ಕೂತಲ್ಲಿಂದಲೇ "ಕೂಊ" ಎಂದು ಓಗೊಡುತ್ತಾರೆ. ಗದ್ದೆಯಲ್ಲಿರುವುದು ಒಬ್ಬರೇ ಅಲ್ಲ, ಬೆನ್ನಿಗೆ ಜನ ಇದೆ ಎಂದು ಮಂಗಕ್ಕೆ ತಿಳಿಯಲಿ ಅಂತ. ಓಗೊಟ್ಟರೆ ಮುಗಿಯಿತು. ಏಳಬೇಕಾಗಿಲ್ಲ.

ಆ ಸಂಜೆ ಶುಕ್ರ ಗೌಡ ಜಗಲಿಯಲ್ಲಿ ಕೂತು ಕವಳ ಹಾಕುತ್ತಿದ್ದ. ಗದ್ದೆ ದಾರಿಯ ಗಾಳಿಗಿಡದ ತೋಪಿನ ಕಡೆಯಿಂದ, ಗದ್ದೆಗೆ ಹೋಗಿದ್ದ ಹೆಂಡತಿ ಮಾದೇವಿಯ "ಕೂಊ" ಕೇಳಿತು. ಎಲೆಗೆ ಸುಣ್ಣ ಹಚ್ಚುತ್ತಲೇ ಶುಕ್ರ "ಕೂಊ" ಎಂದ. ಆಚೆ ಮನೆಯಿಂದ ಇನ್ಯಾರೋ ಓಗೊಟ್ಟರು. ಮಾದೇವಿ ಮತ್ತೆ ಕೂಗಿದಳು. ಇವರು ಮತ್ತೆ ಓಗೊಟ್ಟರು. ಆಮೇಲೆ ಕೂಗು ನಿಂತಿತು.

"ಮಂಗ ಓಡ್ತು" ಎಂದು ಶುಕ್ರ ಸುಣ್ಣದ ಡಬ್ಬಿ ಮುಚ್ಚಿದ.

ಮಂಗ ಅಲ್ಲ. ಬೈಕಿನಲ್ಲಿ ಬಂದ ಇಬ್ಬರು ಮಾದೇವಿಯ ತಲೆಗೆ ಕಬ್ಬಿಣದ ರಾಡಿನಿಂದ ಹೊಡೆದು, ಕಿವಿಯ ಬೆಂಡೋಲೆಯನ್ನು ಹಾಲೆಯ ಸಮೇತ ಹರಿದುಕೊಂಡು ಹೋಗಿದ್ದರು. ಕುಮಟಾ ಪೇಟೆಯ ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಧನ್ಯಶ್ರೀ ಬಸ್ಸಿಳಿದು ಅದೇ ದಾರಿಯಲ್ಲಿ ಬಂದಳು. ಗಾಳಿಗಿಡದ ಬುಡದಲ್ಲಿ ರಕ್ತದಲ್ಲಿ ಬಿದ್ದಿದ್ದ ಅವ್ವನನ್ನು ಮೊದಲು ಕಂಡವಳು ಅವಳೇ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, "ಹೇಗಾಯ್ತು?"

ಮಾದೇವಿ ಬಾಯಿ ತೆರೆಯುವ ಮೊದಲೇ ಶುಕ್ರ ಹೇಳಿದ, "ಗದ್ದೆ ಹಾಳಿ ಮೇಲಿಂದ ಜಾರಿ ಬಿದ್ಲು."

ತಲೆಗೆ ಹೊಲಿಗೆ ಹಾಕಿಸಿಕೊಂಡು ಮಾದೇವಿ ಮನೆಗೆ ಬಂದ ದಿನ ಶುಕ್ರ ಮಗಳ ಕಡೆ ನೋಡದೆ ತೀರ್ಪು ಕೊಟ್ಟ. "ನಾಳೆಯಿಂದ ನೀನು ಪೇಟೆಗೆ ಹೋಗೂದು ಬೇಡ."

"ಎಂತಕ್ಕೆ ಅಪ್ಪ? ಹೊಡೆದವ್ರು ಹೊರಗೆ ತಿರುಗ್ತಾ ಇದ್ದಾರೆ. ನಾನು ಎಂತ ತಪ್ಪು ಮಾಡಿದ್ದೆ ಅಂತ ಒಳಗೆ ಕೂರೂದು?"

"ನಾಲಗೆ ಉದ್ದ ಆತು ನಿಂದು."

ಆದರೆ ಆ ರಾತ್ರಿ ಶುಕ್ರ ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದ. ಮಗಳ ದುಡಿಮೆ ಮನೆಗೆ ಬೇಕಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ಊರಿಗೇ ಗೊತ್ತಿದ್ದ ಮಾತು, ಆ ಮೆಡಿಕಲ್ ಅಂಗಡಿಯ ಕೆಲಸ ಸಿಕ್ಕಿದ ದಿನ ಕೇರಿಗೆಲ್ಲ ಬೆಲ್ಲ ಹಂಚಿದವನು ಅವನೇ.

ಮರುದಿನ ಮಹಿಳಾ ಸಂಘದ ಅಧ್ಯಕ್ಷೆ ಉಮಾ ಬಂದಳು. ಅಂಗಳದಲ್ಲೇ ನಿಂತು ಕೇಳಿದಳು, "ಶುಕ್ರಣ್ಣ, ಸ್ಟೇಷನ್ನಿಗೆ ಹೋದ್ರಾ?"

"ಹೋಗಿ ಎಂತ ಮಾಡೂದು ತಂಗಿ? ದಿನವಿಡೀ ಬೆಂಚಿನ ಮೇಲೆ ಕೂರ್ಸ್ತಾರೆ. ನಮ್ಮಂತವರ ಮಾತು ಯಾರು ಕೇಳ್ತಾರೆ?"

"ಒಬ್ರೇ ಹೋದ್ರೆ ಕೂರ್ಸ್ತಾರೇನೋ. ಇಡೀ ಕೇರಿ ಹೋದ್ರೆ ಕೂರ್ಸ್ಲಿಕ್ಕೆ ಅಷ್ಟು ಬೆಂಚು ಎಲ್ಲಿದೆ?"

ಒಳಗಿನಿಂದ ಧನ್ಯಶ್ರೀ ನಕ್ಕಳು. ಶುಕ್ರನಿಗೆ ನಗು ಬರಲಿಲ್ಲ.

"ಇವತ್ತು ಸಂಜೆ ನಿಮ್ಮ ಅಂಗಳದಲ್ಲೇ ಸಭೆ" ಎಂದಳು ಉಮಾ. "ಚಾ ಬೇಡ. ಚಾಪೆ ಇದ್ರೆ ಸಾಕು."

ಕೇರಿಯವರೆಲ್ಲ ಬಂದರು. ದೊಡ್ಡ ಹಿತ್ತಿಲಿನ ಸುಬ್ಬಲಕ್ಷ್ಮಿ ಭಟ್ಟರೂ ಬಂದರು. ಬೆಳಿಗ್ಗೆ ಬೈಕಿನಲ್ಲಿ ಮೀನು ಮಾರುವ ನಾಗರಾಜ ಹರಿಕಂತ್ರ ತಡವಾಗಿ ಬಂದು ಅಂಗಳದ ಅಂಚಿನಲ್ಲಿ ಬೈಕ್ ನಿಲ್ಲಿಸಿ ಅಲ್ಲೇ ನಿಂತ. ಅವನ ಮುಖ ಕೆಂಡವಾಗಿತ್ತು.

ಎಲ್ಲರೂ ಪೊಲೀಸರನ್ನು ಬೈದರು. ಪಂಚಾಯ್ತಿಯನ್ನು ಬೈದರು. ಉರಿಯದ ಬೀದಿ ದೀಪವನ್ನು ಬೈದರು. ಬೈದು ಸುಸ್ತಾದ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿದ್ದ ಮಾದೇವಿ ಬಾಯಿಬಿಟ್ಟಳು.

"ಪೊಲೀಸ್ರಿಗೆ ಕೇಳ್ಲಿಲ್ಲ, ಬಿಡಿ. ಅವ್ರು ದೂರ ಇದ್ರು. ನಿಮ್ಗೆ ಕೇಳಿತ್ತಲ್ಲ?"

ತಲೆಯ ಬಟ್ಟೆಯನ್ನು ಒತ್ತಿ ಹಿಡಿದು ಮಾದೇವಿ ಮುಂದುವರಿಸಿದಳು.

"ಹೊಡೆತ ಬಿದ್ದಾಗ ಅಯ್ಯೋ ಅಂತ ಬಾಯಿಗೆ ಬರ್ಲಿಲ್ಲ. ದೂರ ಕೇಳ್ಲಿ ಅಂತ ಹುಟ್ಟಿದಲ್ಲಿಂದ ಕೂಗಿದ್ದು ಅದೊಂದೇ ಕೂಗು. ಅದನ್ನೇ ಕೂಗ್ದೆ. ನೀವು ಓಗೊಟ್ರಿ. ಈ ಮನೆಯಿಂದ್ಲೂ ಓಗೊಟ್ರು, ಆ ಮನೆಯಿಂದ್ಲೂ ಓಗೊಟ್ರು. ಜನ ಬರ್ತಾರೆ ಅಂತ ಹೊಡೆದವ್ರೂ ಒಂದು ಸಲ ಕೈ ಬಿಟ್ರು. ಯಾರೂ ಬರ್ಲಿಲ್ಲ. ಆಮೇಲೆ ಕಿವಿಗೆ ಕೈ ಹಾಕಿದ್ರು."

ಶುಕ್ರನಿಗೆ ಬಾಯೊಳಗಿನ ಕವಳ ಕಹಿಯಾಯಿತು. ಎದ್ದು ಹಿತ್ತಿಲಿಗೆ ಹೋಗಿ ಉಗುಳಿ ಬಂದ. ಬಂದವನು ಮೊದಲು ಕೂತ ಜಾಗದಲ್ಲಿ ಕೂರಲಿಲ್ಲ. ಹೆಂಡತಿಯ ಪಕ್ಕ ಕೂತ.

ಆಗ ಸುಬ್ಬಲಕ್ಷ್ಮಿಯವರು ಸೆರಗು ಸರಿಮಾಡಿಕೊಂಡು ಹೇಳಿದರು. "ಮಳೆಗಾಲ ಕಳೆದ ಮೇಲೆ ನಾನು ಸ್ಕೂಟಿಯಿಂದ ಬಿದ್ದು ಕೈ ಮುರ್ಕೊಂಡೆ ಅಂದಿದ್ದೆ, ಅಲ್ದಾ? ಬಿದ್ದದ್ದಲ್ಲ. ಒದ್ದು ಬೀಳ್ಸಿದ್ದು. ಇದೇ ತೋಪಿನ ಹತ್ರ. ಕರಿಮಣಿ ಸರ ಹೋತು. ಮರ್ಯಾದೆ ಹೋಗ್ತದೆ ಅಂತ ಮನೆಯಲ್ಲಿ ಸುಮ್ನಿರಿಸಿದ್ರು."

"ನೀವೂ ಬಿದ್ರಿ, ಮಾದೇವಕ್ಕನೂ ಬಿದ್ಲು" ಎಂದಳು ಉಮಾ. "ಈ ಊರಲ್ಲಿ ಎಲ್ಲರಿಗೂ ಜಾರಿ ಬೀಳೋ ರೋಗ. ಅಮ್ಮ, ನೀವು ಅವತ್ತೇ ಹೇಳಿದ್ರೆ ಮಾದೇವಕ್ಕ ಆ ಹೊತ್ತಿಗೆ ಒಬ್ಳೇ ಆ ದಾರೀಲಿ ಬರ್ತಿದ್ಲಾ?"

ಸುಬ್ಬಲಕ್ಷ್ಮಿಯವರು ತಲೆ ತಗ್ಗಿಸಲಿಲ್ಲ. "ಇಲ್ಲ" ಎಂದರು. "ಅದಕ್ಕೇ ಈಗ ಹೇಳ್ದೆ. ಸ್ಟೇಷನ್ನಿನಲ್ಲೂ ಹೇಳ್ತೆ."

ಅಷ್ಟರಲ್ಲಿ ನಾಗರಾಜ ಸಿಡಿದ. "ಸ್ಟೇಷನ್ ಎಂತಕ್ಕೆ? ಆ ಬೆಡ್‌ಶೀಟ್ ಮಾರುವವ ದಿನಾ ಇಲ್ಲೇ ಸುತ್ತಾಡ್ತಾನೆ. ಬೈಕೂ ಇದೆ. ನಮ್ಮ ಭಾಷೆನೂ ಬರೂದಿಲ್ಲ. ನಾಳೆ ಬರ್ಲಿ, ತೆಂಗಿನ ಮರಕ್ಕೆ ಕಟ್ಟಿ ನಾಲ್ಕು ಬಾರ್ಸಿದ್ರೆ ತಾನೇ ಕಕ್ತಾನೆ."

ಹೌದು ಹೌದು ಎಂದು ಹಿಂದಿನಿಂದ ದನಿ ಎದ್ದಿತು. ಶುಕ್ರನ ಕೈಯೂ ಬಿಗಿಯಾಯಿತು. ಯಾರಿಗಾದರೂ ಹೊಡೆಯಬೇಕು ಅನ್ನಿಸುತ್ತಿತ್ತು. ಯಾರಿಗಾದರೂ ಸರಿ.

"ಏ ನಾಗರಾಜ" ಎಂದಳು ಮಾದೇವಿ. "ಪೆಟ್ಟು ತಿಂದವ್ಳು ನಾನೋ ನೀನೋ?"

"ನೀನೇ ಅಕ್ಕ."

"ಹಾಗಾದ್ರೆ ನನ್ನ ಕೇಳು. ನನ್ನ ಕಿವಿಗೆ ಹಾಕಿದ ಕೈಗೆ ಹೆಬ್ಬೆರಳು ಅರ್ಧವೇ ಇತ್ತು. ನಮ್ಮ ಭಾಷೆಯಲ್ಲೇ, ನಮ್ಮ ಹಾಗೇ ಬೈದ. ಆ ಬೆಡ್‌ಶೀಟ್ ಪೋರನ ಹತ್ರ ನಾನು ಹೊದಿಕೆ ತಕೊಂಡಿದ್ದೆ. ಎರಡು ಕೈಯೂ ಸಮಾ ಇದೆ. ಅವ್ನ ಬಡಿದ್ರೆ ನನ್ನ ಹೊಡೆದವ ಜಗಲಿ ಮೇಲೆ ಕೂತು ನಗ್ತಾನೆ."

ಉಮಾಳೂ ನಾಗರಾಜನನ್ನು ಬಿಡಲಿಲ್ಲ. "ಕಟ್ಟಿ ಹಾಕಿ ಹೊಡೆದ್ರೆ ನೀನೇ ಜೈಲಿಗೆ ಹೋಗೂದು. ಸಿಟ್ಟು ಇರ್ಲಿ ಮಾರಾಯ, ನನಗೂ ಇದೆ. ಆ ಸಿಟ್ಟಿಗೆ ಒಂದು ಕೆಲಸ ಕೊಡು."

"ಎಂತ ಕೆಲಸ?"

ಎಲ್ಲರೂ ಯೋಚಿಸಿದರು. ಕೂಗಿದರೆ ಯಾರೂ ಬರುವುದಿಲ್ಲ ಎಂದಾಯಿತು. ಹಾಗಾದರೆ ಏನು ಕೇಳಿದರೆ ಬರುತ್ತಾರೆ? ಗಂಟೆ ಎಂದರು. ಪೂಜೆ ಅಂದುಕೊಳ್ಳುತ್ತಾರೆ. ಪಟಾಕಿ ಎಂದರು. ಕ್ರಿಕೆಟ್ಟು ಗೆದ್ದರು ಅಂದುಕೊಳ್ಳುತ್ತಾರೆ. ಧನ್ಯಶ್ರೀ ನಾಗರಾಜನ ಬೈಕನ್ನೇ ನೋಡುತ್ತಿದ್ದಳು. ಅದರ ಹ್ಯಾಂಡಲಿಗೆ ಕಟ್ಟಿದ್ದ ರಬ್ಬರಿನ ಹಾರ್ನ್, ಮೀನು ಬಂತೆಂದು ಬೆಳಿಗ್ಗೆ ಒತ್ತುವುದು.

"ನಾಗಣ್ಣನ ಪೋಂ ಪೋಂ" ಎಂದಳು ಅವಳು. "ಅದು ಕೇಳಿದ್ರೆ ಇಡೀ ಕೇರಿ ಒಲೆ ಬಿಟ್ಟು ಓಡಿ ಬರ್ತದೆ. ಹೊತ್ತು ಮುಳುಗಿದ ಮೇಲೆ ಯಾರೂ ಮೀನು ಮಾರೂದಿಲ್ಲ. ಆ ಹೊತ್ತಿಗೆ ಪೋಂ ಅಂದ್ರೆ ಅಪಾಯ ಅಂತಲೇ ಅರ್ಥ."

ಅಂಗಳ ನಗುವಿನಲ್ಲಿ ತುಂಬಿತು. ಸುಬ್ಬಲಕ್ಷ್ಮಿಯವರು ಹೇಳಿದರು, "ನಮ್ಮನೆಯಲ್ಲಿ ಪೋಂ ಕೇಳಿದ್ರೆ ಮೀನಿನ ವಾಸನೆ ಬರ್ತದೆ ಅಂತ ಕಿಟಕಿ ಹಾಕೂದು."

"ಇನ್ನು ತೆಗೀತೀರಾ ಅಮ್ಮ?" ಎಂದ ನಾಗರಾಜ.

"ಬಾಗ್ಲೇ ತೆಗೀತೆ ಮಾರಾಯ. ಆದ್ರೆ ಬೆಳಿಗ್ಗೆ ಅಲ್ಲ."

ಮರುದಿನ ಕೇರಿ ಸ್ಟೇಷನ್ನಿಗೆ ಹೋಯಿತು. ಮಾದೇವಿ ಹೇಳಿದಳು, ಸುಬ್ಬಲಕ್ಷ್ಮಿಯವರು ಹೇಳಿದರು. ಮೊದಲು ಆಸ್ಪತ್ರೆಯಲ್ಲಿ ಜಾರಿ ಬಿದ್ದಳು ಎಂದಿರಲ್ಲ ಎಂದು ಅಲ್ಲಿದ್ದವರು ಕೇಳಿದಾಗ ಶುಕ್ರನೇ ಎದ್ದು ನಿಂತ. "ಅದು ನಾನು ಹೇಳಿದ ಸುಳ್ಳು ಸಾಹೇಬ್ರೆ. ಅವ್ಳು ಹೇಳೂದು ಖರೆ." ಎಫ್‌ಐಆರ್‌ನ ಪ್ರತಿಯನ್ನು ಪುಕ್ಕಟೆ ಕೊಡಬೇಕೆಂದು ಉಮಾಳಿಗೆ ಗೊತ್ತಿತ್ತು. ಕೇಳಿ ಪಡೆದಳು. ಬೀಟ್ ಪೊಲೀಸಿನವರ ಫೋನ್ ನಂಬರನ್ನೂ ಪಡೆದಳು.

ಅಲ್ಲಿಂದ ನೇರ ಪಂಚಾಯ್ತಿಗೆ. ದೀಪ ಹಾಕುತ್ತೇವೆ ಎಂದರು. ಹಾಕಲಿಲ್ಲ. ಮತ್ತೆ ಹೋದರು. ನಾಳೆ ಎಂದರು. ಹೆಂಗಸರು ಅಡಿಕೆ ಎಲೆ ಸಮೇತ ಬಾಗಿಲ ಮುಂದೆಯೇ ಕೂತರು. ಸಂಜೆಯೊಳಗೆ ತೋಪಿನ ದಾರಿಗೆ ದೀಪ ಬಂತು.

ತೋಪಿನ ದಾರಿಯ ಮನೆಮನೆಗೂ ನಾಗರಾಜ ಹಾರ್ನ್ ತಂದು ಕಟ್ಟಿದ. ಸಂಜೆಯ ಬಸ್ಸಿಗೆ ಯಾರು ಹೋಗಿ ನಿಲ್ಲಬೇಕು ಎಂದು ಸರದಿ ಮಾಡಿಕೊಂಡರು. ಧನ್ಯಶ್ರೀ ಕೆಲಸಕ್ಕೆ ಹೊರಟಳು. ಶುಕ್ರ ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಮಗಳ ಚೀಲಕ್ಕೆ ಒಂದು ಹಾರ್ನ್ ತುರುಕಿ ಗದ್ದೆಗೆ ಹೋದ.

ಕೆಲವು ವಾರ ಏನೂ ಆಗಲಿಲ್ಲ. "ಈ ಪೋಂ ಪೋಂ ಎಲ್ಲ ಮಕ್ಕಳಾಟ" ಎಂದು ಒಬ್ಬಿಬ್ಬರು ಗೊಣಗಿದರು. ಸರದಿ ತಪ್ಪಿಸಿದರು. ಶುಕ್ರ ತನ್ನ ಸರದಿಯನ್ನೂ ನಿಂತ, ತಪ್ಪಿಸಿದವರ ಸರದಿಯನ್ನೂ ನಿಂತ.

ಹಾಗಿರಲು ಒಂದು ಸಂಜೆ, ಬಸ್ಸು ಬರಲು ಇನ್ನೂ ಹೊತ್ತಿದೆ ಎಂದು ಶುಕ್ರ ಅಂಗಿ ಹಾಕಿಕೊಳ್ಳುತ್ತಿದ್ದಾಗ ತೋಪಿನ ಕಡೆಯಿಂದ ಕೇಳಿತು.

ಪೋಂ. ಪೋಂ. ಪೋಂ.

ಬಸ್ಸು ಅವತ್ತು ಬೇಗ ಬಂದಿತ್ತು.

ಶುಕ್ರ ಓಗೊಡಲಿಲ್ಲ. ಅಂಗಿಯ ಒಂದೇ ತೋಳು ಹಾಕಿಕೊಂಡು ಓಡಿದ. ಅವನ ಹಿಂದೆ ಮನೆಮನೆಯ ಹಾರ್ನು ಕೂಗತೊಡಗಿತು. ಬಾಗಿಲು ತೆರೆದವು, ದೀಪ ಹತ್ತಿದವು. ಹೆಂಗಸರು ಓಡಿ ಬಂದರು. ಒಬ್ಬಳ ಕೈಯಲ್ಲಂತೂ ಅಭ್ಯಾಸ ಬಲದಿಂದ ಮೀನಿನ ಪಾತ್ರೆಯೇ ಇತ್ತು. ಸುಬ್ಬಲಕ್ಷ್ಮಿಯವರು ಬ್ಯಾಟರಿ ಹಿಡಿದು ಎಲ್ಲರಿಗಿಂತ ಮುಂದೆ ಇದ್ದರು.

ಧನ್ಯಶ್ರೀ ದೀಪದ ಕಂಬಕ್ಕೆ ಬೆನ್ನು ಕೊಟ್ಟು ನಿಂತು ಹಾರ್ನ್ ಒತ್ತುತ್ತಲೇ ಇದ್ದಳು. ತೋಳಿಗೆ ಪೆಟ್ಟು ಬಿದ್ದಿತ್ತು, ಹಾರ್ನ್ ಬಿಟ್ಟಿರಲಿಲ್ಲ. ಜನರನ್ನು ಕಂಡು ಕಳ್ಳರಿಬ್ಬರೂ ಬೈಕ್ ತಿರುಗಿಸಿದರು. ದಾರಿಯ ಇನ್ನೊಂದು ತುದಿಯ ಮೋರಿಯ ಹತ್ತಿರ, ಹಾರ್ನ್ ಕೇಳಿದ ಕೂಡಲೇ, ನಾಗರಾಜ ಮತ್ತು ಜೊತೆಯವರು ತೆಂಗಿನ ದಿಮ್ಮಿ ಉರುಳಿಸಿ ದಾರಿ ಕಟ್ಟಿದ್ದರು. ಬೈಕ್ ನಿಂತಿತು. ಮುಂದೆ ದಿಮ್ಮಿ, ಹಿಂದೆ ಕೇರಿ.

ನಾಗರಾಜ ಒಬ್ಬನ ಕಾಲರ್ ಹಿಡಿದ. ಇನ್ನೊಂದು ಕೈ ಮೇಲೆ ಹೋಯಿತು. ಶುಕ್ರ ಆ ಕೈ ಹಿಡಿದ.

"ನನ್ನ ಹೆಂಡ್ತಿ ತಲೆ ಒಡೆದವ್ರು. ನನ್ನ ಮಗಳ ಮೇಲೆ ಕೈ ಮಾಡಿದವ್ರು. ನಾನೇ ಹೊಡೀಲಿಲ್ಲ. ನೀನು ಹೊಡೀಬೇಡ. ಓಡದಂಗೆ ನಿಲ್ಸು, ಸಾಕು."

ಉಮಾ ಆಗಲೇ 112ಕ್ಕೆ ಫೋನ್ ಮಾಡಿ ಜಾಗ ಹೇಳುತ್ತಿದ್ದಳು. ಪೊಲೀಸ್ ಗಾಡಿ ಬರುವವರೆಗೂ ಕೇರಿ ಸುತ್ತ ನಿಂತಿತು. ಯಾರೂ ಹೊಡೆಯಲಿಲ್ಲ, ಯಾರೂ ಮನೆಗೆ ಹೋಗಲಿಲ್ಲ. ಮಾದೇವಿ ನಿಧಾನಕ್ಕೆ ನಡೆದು ಬಂದು ಬ್ಯಾಟರಿಯ ಬೆಳಕಿನಲ್ಲಿ ಒಬ್ಬನ ಕೈ ನೋಡಿದಳು.

"ಇದೇ ಹೆಬ್ಬೆಟ್ಟು" ಎಂದಳು.

ಮರುದಿನ ಧನ್ಯಶ್ರೀ ತೋಳಿಗೆ ಪಟ್ಟಿ ಕಟ್ಟಿಕೊಂಡೇ ಬೆಳಗಿನ ಬಸ್ಸಿಗೆ ಹೊರಟಳು. ಶುಕ್ರ ಕೇಳಿದ, "ಇವತ್ತೊಂದಿನ ರಜೆ ಹಾಕ್ಬಹುದಲ್ಲ?" "ಎಂತಕ್ಕೆ ಅಪ್ಪ?" ಎಂದಳು ಅವಳು. ಈ ಸಲ ಶುಕ್ರ ಅವಳ ನಾಲಗೆಯ ಉದ್ದ ಅಳೆಯಲಿಲ್ಲ. "ಹೋಗಿ ಬಾ" ಎಂದ.

ಆ ಸಂಜೆ ಅವನು ಜಗಲಿಯಲ್ಲಿ ಕವಳ ಹಾಕುತ್ತಿದ್ದಾಗ ಗದ್ದೆಯಿಂದ "ಕೂಊ" ಕೇಳಿತು. ಓಗೊಡಲು ಬಾಯಿ ತೆರೆದವನು ಹಾಗೇ ಮುಚ್ಚಿದ. ಎಲೆ ಅಲ್ಲೇ ಬಿಟ್ಟು ಗದ್ದೆಗೆ ಓಡಿದ.

"ಮಂಗ ಮಾರಾಯ್ರೆ" ಎಂದು ಮಾದೇವಿ ನಕ್ಕಳು. "ಕೂತಲ್ಲೇ ಒಂದು ಕೂಗು ಹಾಕಿದ್ರೆ ಆಗ್ತಿತ್ತು. ಇಷ್ಟು ದೂರ ಎಂತಕ್ಕೆ ಬಂದ್ರಿ?"

"ಇರ್ಲಿ" ಎಂದ ಶುಕ್ರ, ಏದುಸಿರು ಬಿಡುತ್ತ. "ಮಂಗನೇ ಅಂತ ನೋಡಿ ಹೋಗ್ವಾ ಅಂತ ಬಂದೆ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೇರಿಯಲ್ಲೂ ಯಾರೋ "ಜಾರಿ ಬಿದ್ದಿದ್ದಾರೆ". ಹೋಗಿ ಕೇಳಿ. ಪೆಟ್ಟು ತಿಂದವರು ಮುಚ್ಚಿಡಬೇಕಾದ ಮರ್ಯಾದೆ ಯಾವುದೂ ಇಲ್ಲ, ನಾಚಿಕೆ ಹೊಡೆದವನಿಗೆ ಇರಲಿ. ದೂರು ಕೊಡಲು ಒಬ್ಬರನ್ನೇ ಕಳಿಸಬೇಡಿ, ಜೊತೆಗೆ ಹೋಗಿ. ಅಪಾಯ ಕಂಡರೆ 112ಕ್ಕೆ ಫೋನ್ ಮಾಡಿ. ನಿಮ್ಮ ಕೇರಿಗೆ ಒಂದು ಸದ್ದು ಗೊತ್ತುಮಾಡಿಕೊಳ್ಳಿ, ಹಾರ್ನೋ ಸೀಟಿಯೋ ತಟ್ಟೆಯೋ. ಅನುಮಾನದ ಮೇಲೆ ಯಾರ ಮೈಮೇಲೂ ಕೈ ಮಾಡಬೇಡಿ. ಹೆಣ್ಣುಮಕ್ಕಳನ್ನು ಒಳಗೆ ಕೂರಿಸಬೇಡಿ, ದಾರಿಗೆ ದೀಪ ಹಾಕಿಸಿ.

ಮತ್ತೆ ಇವತ್ತು ಸಂಜೆ ಎಲ್ಲಿಂದಾದರೂ ಕೂಗು ಕೇಳಿದರೆ, ಮಂಗವೋ ಮನುಷ್ಯರೋ ಎಂದು ಕೂತಲ್ಲೇ ತೀರ್ಮಾನ ಮಾಡಬೇಡಿ. ಏಳಿ.