ವಾಸನೆಯಿಲ್ಲದ ಪಾಲಿಶ್

ವಾಸನೆ ಬಂದರೆ ಹೆದರಬೇಕು, ಬಾರದಿದ್ದರೆ ಹೆದರಬೇಕಿಲ್ಲ. ನಮ್ಮಪ್ಪ ನಮಗೆ ಬಿಟ್ಟುಹೋದ ಶಾಸ್ತ್ರ ಇಷ್ಟೇ. ಅವರು ನಲವತ್ತು ವರ್ಷ ಮರದ ಸಾಮಾನಿಗೆ ಪಾಲಿಶ್ ಹೊಡೆದವರು. ಥಿನ್ನರ್ ಬೆರೆಸಿದ ಹಳೇ ಪಾಲಿಶ್ ಅದು. ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಬೀದಿಯ ಆಚೆ ಬದಿಯವರೂ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಅಪ್ಪ ಮುಖಕ್ಕೆ ಮಾಸ್ಕ್ ಕಟ್ಟಿಕೊಂಡೇ ಹೊಡೆಯುತ್ತಿದ್ದರು. ಮಾಸ್ಕಿನೊಳಗೂ ವಾಸನೆ ನುಗ್ಗಿತೆಂದರೆ ಅದರ ಫಿಲ್ಟರ್ ಬದಲಿಸುತ್ತಿದ್ದರು. "ಮೂಗಿಗಿಂತ ದೊಡ್ಡ ಡಾಕ್ಟರ್ ಇಲ್ಲ ಕಣೇ" ಅನ್ನುತ್ತಿದ್ದರು. ಕೊನೆಕೊನೆಗೆ ಕೈ ನಡುಗಿ, ಮಕ್ಕಳ ಹೆಸರೂ ಮರೆತು ಹೋದರು.

ಅವರ ನಂತರ ಕಾರ್ಖಾನೆ ನನ್ನ ಕೈಗೆ ಬಂತು, ಸ್ಪ್ರೇ ಗನ್ ತಮ್ಮನ ಕೈಗೆ. ತಮ್ಮನಿಗೆ ಮೂವತ್ತಾರು ವರ್ಷ, ಮದುವೆಯಾಗಿದೆ, ನೆತ್ತಿಯೂ ಬೋಳಾಗುತ್ತಿದೆ. ನನಗೆ ಮಾತ್ರ ಅವನು ಈಗಲೂ ಪುಟ್ಟನೇ. ಅಮ್ಮ ಹೋದಾಗ ನಾಲ್ಕು ವರ್ಷದವನಾಗಿದ್ದ, ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಅಪ್ಪನ ಗತಿ ಇವನಿಗೆ ಬರಬಾರದು ಎಂದು ಹಠ ಹಿಡಿದು ಥಿನ್ನರ್ ಇಲ್ಲದ ನೀರಿನ ಪಾಲಿಶ್ ತರಿಸಿದವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ನನಗಾಗಿ ಅಯ್ಯೋ ಪಾಪ ಅನ್ನುವುದು ಬೇಡ.

ಮೊದಲ ಡಬ್ಬಿ ತೆರೆದ ದಿನ ಮೂವರೂ ಬಗ್ಗಿ ಮೂಸಿ ನೋಡಿದೆವು: ನಾನು, ಪುಟ್ಟ, ಮತ್ತು ನಮ್ಮಲ್ಲಿ ಮರ ಕೊಯ್ದು ಜೋಡಿಸುವ ಬಡಗಿ ಮಾವ. ಹಾಲಿನಷ್ಟು ಬೆಳ್ಳಗಿತ್ತು. ವಾಸನೆ ಇದೆಯೋ ಇಲ್ಲವೋ ಅನ್ನುವಷ್ಟು. ಜೊತೆಗೆ ಅಂಗೈಯುದ್ದದ ಒಂದು ಸೀಸೆ, ಹಾರ್ಡ್ನರ್. ಹತ್ತು ಪಾಲು ಪಾಲಿಶಿಗೆ ಅದನ್ನು ಒಂದು ಪಾಲು ಬೆರೆಸಿದರೆ ಒಣಗಿದ ಮೇಲೆ ಕಲ್ಲಾಗುತ್ತದೆ, ಬಿಸಿ ಪಾತ್ರೆ ಇಟ್ಟರೂ ಗುರುತು ಬೀಳುವುದಿಲ್ಲ. ಆದರೆ ಬೆರೆಸಿದ ನಾಲ್ಕು ಗಂಟೆಯೊಳಗೆ ಹೊಡೆದು ಮುಗಿಸಬೇಕು, ಇಲ್ಲವೇ ಚೆಲ್ಲಬೇಕು. ಸೀಸೆಯನ್ನೂ ಮೂಸಿದೆ. ಅದರಲ್ಲೂ ಏನೂ ಇರಲಿಲ್ಲ.

"ಮಾಸ್ಕ್ ಬೇಕಾ ಅಕ್ಕಾ?" ಎಂದ ಪುಟ್ಟ.

"ನೀರಿಗೆ ಯಾತರ ಮಾಸ್ಕೋ?"

"ನೀರಿಗೆ ಹೆದರೋನು ಸ್ನಾನ ಹೇಗೋ ಮಾಡ್ತೀಯ?" ಎಂದರು ಬಡಗಿ ಮಾವ. ಮೂವರೂ ನಕ್ಕೆವು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಊರಿಗೆಲ್ಲ ಗಾದೆ ಹೇಳುವ ಬಾಯಿ ನನ್ನದು. ಆ ದಿನ ಮಾತ್ರ ಅದು ನೆನಪಾಗಲಿಲ್ಲ. ಅಪ್ಪನ ಮಾಸ್ಕ್ ಸ್ಪ್ರೇ ರೂಮಿನ ಬಾಗಿಲ ಪಕ್ಕ ನೇತುಬಿತ್ತು. ಒಳ್ಳೇ ಬಟ್ಟಲಿನ ಹಾಗಿದೆ ಎಂದು ಮಾವ ಅದರೊಳಗೆ ಸಣ್ಣ ಮೊಳೆಗಳನ್ನು ತುಂಬಿಟ್ಟರು. ಪ್ರತಿ ಸೀಸೆಯ ಜೊತೆ ಮಡಚಿದ ಒಂದು ಹಾಳೆಯೂ ಬರುತ್ತಿತ್ತು, ಎರಡೂ ಬದಿಗೆ ಇರುವೆ ಸಾಲಿನಂಥ ಅಕ್ಷರ. ಓದುವ ತಾಳ್ಮೆ ಯಾರಿಗಿತ್ತು? ಕಾಗದ ದಪ್ಪಗಿತ್ತು. ನಾನು ಅದನ್ನು ಬಿಡಿಸಿ ಸ್ಪ್ರೇ ರೂಮಿನ ಗೋಡೆಗೆ ಅಂಟಿಸುತ್ತಿದ್ದೆ. ಗನ್ನಿನ ತುಂತುರು ಸಮನಾಗಿ ಬೀಳುತ್ತಿದೆಯೇ ಎಂದು ಪುಟ್ಟ ದಿನಾ ಅದರ ಮೇಲೆ ಒಮ್ಮೆ ಹೊಡೆದು ನೋಡಿ ಕೆಲಸ ಶುರು ಮಾಡುತ್ತಿದ್ದ.

ಪುಟ್ಟನಿಗೆ ಕೆಮ್ಮು ಬಂದದ್ದು ಆರನೆಯ ತಿಂಗಳಿಗೆ. ಬೆಳಿಗ್ಗೆ ಪಾಲಿಶ್ ಹೊಡೆದರೆ ಸಂಜೆಗೆ ಶುರು. ಒಣ ಕೆಮ್ಮು, ಕಫ ಇಲ್ಲ, ಜ್ವರ ಇಲ್ಲ. ಉಸಿರು ಬಿಡುವಾಗ ಎದೆಯೊಳಗೆ ಸಣ್ಣಗೆ ಸಿಳ್ಳೆ. ಭಾನುವಾರ ಬಂತೆಂದರೆ ಎಲ್ಲ ಮಾಯ! ಮೂರನೇ ಮಹಡಿಯ ಮನೆಗೆ ನೀರಿನ ಕ್ಯಾನ್ ಹೊತ್ತು ಒಂದೇ ಓಟಕ್ಕೆ ಹತ್ತುತ್ತಿದ್ದ. ಸೋಮವಾರ ಸಂಜೆ ಅದೇ ಮೆಟ್ಟಿಲ ಮೇಲೆ ಎರಡು ಕಡೆ ಕೂತು ಸುಧಾರಿಸಿಕೊಳ್ಳುತ್ತಿದ್ದ. ಹೆಂಡತಿಯ ತವರಿಗೆ ಹೋಗಿ ಹತ್ತು ದಿನ ಇದ್ದ, ಒಂದು ಸಲವೂ ಕೆಮ್ಮಲಿಲ್ಲವಂತೆ.

"ಕ್ಯಾಲೆಂಡರ್ ನೋಡ್ಕೊಂಡು ಬರೋ ಕೆಮ್ಮನ್ನ ಇದೇ ಮೊದಲು ನೋಡ್ತಿರೋದು" ಎಂದೆ ನಾನು. ಅವನಿಗೆ ಭಾನುವಾರದ ಪೈಲ್ವಾನ್ ಎಂದು ಹೆಸರಿಟ್ಟೆ. ಮಾವನಿಗೆ ಆ ಹೆಸರು ಎಷ್ಟು ಹಿಡಿಸಿತೆಂದರೆ ಪುಟ್ಟ ಬಾಗಿಲಿಗೆ ಬಂದಾಗಲೆಲ್ಲ ತೊಡೆ ತಟ್ಟಿ ತೋರಿಸುತ್ತಿದ್ದರು. ಪುಟ್ಟನೂ ನಗುತ್ತಿದ್ದ. ನಗುವುದು ಮುಗಿಯುವ ಮೊದಲೇ ಕೆಮ್ಮು ಬರುತ್ತಿತ್ತು. ರಾತ್ರಿಯ ಊಟಕ್ಕೆ ಕೂತಾಗ ಆ ಸಿಳ್ಳೆ ಕೇಳಿ ನಾನೂ ಒಂದೆರಡು ಸಲ ತುತ್ತು ಕೈಯಲ್ಲೇ ಹಿಡಿದು ಅವನತ್ತ ನೋಡಿದ್ದೆ. ಧೂಳಿರಬೇಕು ಎಂದುಕೊಂಡು ಸುಮ್ಮನಾದೆ.

ಆ ಶನಿವಾರ ಹನ್ನೆರಡು ಜನ ಕೂರುವ ಊಟದ ಮೇಜಿಗೆ ಕೊನೆಯ ಕೋಟ್ ಆಗಬೇಕಿತ್ತು. ಮೊದಲ ಕೋಟ್ ಹೊಡೆದಾಗ ನೀರಿಗೆ ಮರದ ನಾರೆಲ್ಲ ಎದ್ದು ನಿಂತಿತ್ತು. ಅದನ್ನು ಉಜ್ಜಿ, ಎರಡನೆಯದು ಹೊಡೆದು, ಮತ್ತೆ ಉಜ್ಜಿ ಕೈಯಾಡಿಸಿದರೆ ಜಾರುವಂತೆ ಮಾಡಿದ್ದೆವು. ಪುಟ್ಟ ಬರುವ ಮೊದಲೇ ನಾನು ಪಾಲಿಶ್ ಬೆರೆಸಿ, ಜಾಲರಿಯಲ್ಲಿ ಸೋಸಿ ಇಟ್ಟಿದ್ದೆ.

ಅವನು ಬಾಗಿಲಲ್ಲೇ ನಿಂತ. "ಅಕ್ಕಾ, ಇವತ್ತು ಬೇಡ. ಎದೆ ಮೇಲೆ ಯಾರೋ ಕೂತ ಹಾಗಿದೆ. ಸೋಮವಾರ ಹೊಡೀತೀನಿ."

"ಸೋಮವಾರದ ಜೊತೆಗೆ ನಿನ್ನ ಕೆಮ್ಮೂ ಬರುತ್ತಲ್ಲಪ್ಪ. ಬೆರೆಸಿ ಆಗಿದೆ. ನಾಲ್ಕು ಗಂಟೆ ಕಳೆದ್ರೆ ಮೋರಿಗೆ ಚೆಲ್ಲಬೇಕು."

"ಚೆಲ್ಲೋಣ ಬಿಡು."

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಮನೆಯವರಿಗೆಲ್ಲ ಗೊತ್ತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಅಪ್ಪ ಆ ವಿಷದ ಮಧ್ಯೆ ನಲವತ್ತು ವರ್ಷ ನಿಂತ್ರು. ನಿನಗೆ ನೀರು ಹೊಡೆಯೋಕೂ ಆಗಲ್ವಾ? ಕೆಲಸಗಳ್ಳ!"

ಮಾವ ಉಳಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದರು. ಪುಟ್ಟ ನನ್ನ ಮುಖವನ್ನೇ ನೋಡಿದ, ಸಣ್ಣವನಿದ್ದಾಗ ಹೊಡೆದರೆ ನೋಡುತ್ತಿದ್ದನಲ್ಲ, ಹಾಗೆ. "ಆಯ್ತಕ್ಕಾ" ಎಂದು ಗನ್ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕರೆಯೋಣವೆಂದು ಬಾಯಿ ತೆರೆದೆ, ಆದರೆ ನನ್ನ ಹಮ್ಮು ಬಿಡಬೇಕಲ್ಲ.

ಒಳಗಿನಿಂದ ಗನ್ನಿನ ಸದ್ದು ಬರತೊಡಗಿತು. ಸುಯ್... ಒಂದು ತುದಿಯಿಂದ ಇನ್ನೊಂದು ತುದಿಗೆ. ಕ್ಷಣ ನಿಂತು, ಮತ್ತೆ ಸುಯ್... ಪ್ರತಿ ಪಟ್ಟೆ ಹಿಂದಿನದರ ಅರ್ಧದ ಮೇಲೆ ಬೀಳಬೇಕು. ಅಪ್ಪನ ಕೈಯೇ ಇವನಿಗೂ ಬಂದಿದೆ. ಹೊರಗೆ ಕೂತು ಕೇಳಿದರೂ ಮೇಜು ಎಷ್ಟು ಮುಗಿಯಿತು ಎಂದು ನಾನು ಹೇಳಬಲ್ಲೆ. ಮೂರು ಪಟ್ಟೆ ಆದಾಗ ತಮ್ಮನ ಹೆಂಡತಿ ಏದುಸಿರು ಬಿಡುತ್ತ ಬಂದಳು. ಅವಳು ಶಾಲೆಯ ಟೀಚರ್, ಸುಮ್ಮಸುಮ್ಮನೆ ಓಡುವವಳಲ್ಲ.

"ಅತ್ತಿಗೆ, ಇವರು ಬರಲ್ಲ ಅಂದ್ರು ಅಂತ ನಾನೇ ಡಾಕ್ಟರ ಹತ್ತಿರ ಹೋಗಿದ್ದೆ. ರಜೆ ದಿನ ಕೆಮ್ಮೋದಿಲ್ಲ ಅಂದೆ ನೋಡಿ, ಅವರು ಬರೆಯೋದನ್ನ ನಿಲ್ಲಿಸಿಬಿಟ್ರು. ಅದೇನು ಹೊಡೀತಾರೆ, ಅದರ ಜೊತೆ ಬರೋ ಚೀಟಿ ತನ್ನಿ ಅಂದ್ರು. ಅಲ್ಲಿವರೆಗೆ ಆ ರೂಮಿಗೆ ಕಾಲಿಡೋದು ಬೇಡವಂತೆ." ಸುತ್ತ ನೋಡಿದಳು. "ಇವರೆಲ್ಲಿ?"

ಒಳಗೆ ಸುಯ್ ಎಂದಿತು.

ಆ ದಿನದ ಸೀಸೆಯ ಹಾಳೆ ಇನ್ನೂ ಗೋಡೆಗೆ ಹೋಗಿರಲಿಲ್ಲ, ನನ್ನ ಟೀ ಲೋಟದ ಕೆಳಗಿತ್ತು. ಬಿಡಿಸಿದೆ. ಕನ್ನಡಕ ಹಾಕಿಕೊಂಡರೂ ಅಕ್ಷರ ಕುಣಿಯುತ್ತಿದ್ದವು. ಅವಳೇ ಕಿತ್ತುಕೊಂಡು ಗಟ್ಟಿಯಾಗಿ ಓದಿದಳು. "ಹಾರ್ಡ್ನರ್ ಬೆರೆಸಿ ಸ್ಪ್ರೇ ಮಾಡುವಾಗ ಉಸಿರಿಗೆ ರಕ್ಷಣೆ ಕಡ್ಡಾಯ. ಅಪಾಯ ವಾಸನೆಯಿಂದ ತಿಳಿಯುವುದಿಲ್ಲ. ಕೆಲಸ ಮುಗಿದು ಹಲವು ಗಂಟೆಗಳ ನಂತರ ಕೆಮ್ಮು, ಎದೆ ಬಿಗಿತ ಬರಬಹುದು. ಒಮ್ಮೆ ಹೀಗಾದವರಿಗೆ ಮುಂದೆ ಅತ್ಯಲ್ಪ ತುಂತುರೂ ಪ್ರಾಣಾಪಾಯ."

ಸುಯ್ ಎಂದ ಸದ್ದು ನಡುವೆ ಕಡಿದುಹೋಯಿತು. ತುದಿಯಲ್ಲಲ್ಲ, ಮೇಜಿನ ನಡುಮಧ್ಯೆ. ನಮ್ಮಪ್ಪನ ಮಗ ಎಂದೂ ಪಟ್ಟೆಯ ನಡುವೆ ಗನ್ ನಿಲ್ಲಿಸುವವನಲ್ಲ.

ಓಡಿದೆ. ಬಾಗಿಲ ಪಕ್ಕದ ಮಾಸ್ಕಿಗೆ ಕೈ ಹಾಕಿ ಎಳೆದರೆ ಮೊಳೆಗಳೆಲ್ಲ ನನ್ನ ಕಾಲ ಮೇಲೆ ಸುರಿದವು. ಅದನ್ನು ಬಿಸಾಡಿ ಒಳಗೆ ನುಗ್ಗಿದೆ. ರೂಮಿನ ತುಂಬ ಬಿಳಿ ಮಬ್ಬು, ವಾಸನೆ ಮಾತ್ರ ಇಲ್ಲವೇ ಇಲ್ಲ. ಪುಟ್ಟ ಮಂಡಿಯೂರಿ ಮೇಜಿನ ಕಾಲನ್ನು ತಬ್ಬಿಕೊಂಡಿದ್ದ. ತುಟಿ ನೀಲಿಯಾಗಿತ್ತು. ಅಷ್ಟರಲ್ಲೂ ಒಂದು ಕೈಯಲ್ಲಿ ಗನ್ನನ್ನು ದೂರ ಹಿಡಿದಿದ್ದ, ಹಸಿ ಪಾಲಿಶಿಗೆ ತಾಗಬಾರದು ಎಂದು.

"ಗನ್... ತೊಳೀಬೇಕು... ಅಕ್ಕಾ" ಎಂದ.

"ಹಾಳಾಗಿ ಹೋಗ್ಲಿ ಕಣೋ ಗನ್ನು!" ಎಂದು ಕಿರುಚಿದೆ. ಅವನನ್ನು ಎದೆಗೊರಗಿಸಿಕೊಂಡು ಎಳೆದೆ, ಕಾಲುಗಳನ್ನು ಮಾವ ಹಿಡಿದರು. ಅವನ ಹೆಂಡತಿ ಬೀದಿಗೆ ಓಡಿ, ಹೋಗುತ್ತಿದ್ದ ಕಾರೊಂದನ್ನು ಅಡ್ಡಹಾಕಿದಳು. ನಾನು ಮುಂದೆ ಕೂತೆ. ಹಿಂದಿನಿಂದ ಆ ಸಿಳ್ಳೆ ಕೇಳುತ್ತಲೇ ಇತ್ತು. ಅದು ನಿಂತರೆ ಏನು ಗತಿ ಎಂದು ದಾರಿಯುದ್ದಕ್ಕೂ ಕಿವಿಗೊಟ್ಟು ಕೂತಿದ್ದೆ.

ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಒಯ್ದು, ಮೈಮೇಲಿನ ಬಟ್ಟೆಯನ್ನೆಲ್ಲ ಬಿಚ್ಚಿಸಿ ಚೀಲದಲ್ಲಿ ಕಟ್ಟಿ ಹೊರಗೆ ಕಳಿಸಿದರು. ಯಾಕೆಂದು ನಾನು ಕೇಳಲಿಲ್ಲ. ಕೇಳುವ ಸ್ಥಿತಿಯಲ್ಲೂ ಇರಲಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಅವನ ಹೆಂಡತಿ ಹೊರಗೆ ಬಂದಳು. ಅತ್ತು ಕಣ್ಣು ಊದಿತ್ತು. "ಉಸಿರು ಹತೋಟಿಗೆ ಬಂದಿದೆ. ಇನ್ನು ಜನ್ಮದಲ್ಲಿ ಆ ಪಾಲಿಶ್ ಹತ್ತಿರ ಸುಳೀಬಾರದಂತೆ. ನಿಮ್ಮನ್ನೇ ಕೇಳ್ತಿದಾರೆ, ಹೋಗಿ ಅತ್ತಿಗೆ."

ಹೋದೆ. ಆಕ್ಸಿಜನ್ ಮಾಸ್ಕಿನ ಕೆಳಗೆ ಪುಟ್ಟ ನಗಲು ನೋಡಿದ. "ಇವತ್ತು ಶನಿವಾರ ಅಲ್ವಾ" ಎಂದ. "ಪೈಲ್ವಾನ್ ನಾಳೆ ಏಳ್ತಾನೆ ಬಿಡು."

ನನ್ನಿಂದ ತಡೆಯಲಾಗಲಿಲ್ಲ. "ತಪ್ಪಾಯ್ತು ಕಣೋ ಪುಟ್ಟ, ನನ್ನ ನಾಲಿಗೆಗೆ ಬೆಂಕಿ ಬೀಳ" ಎಂದು ಅವನ ತಲೆಯನ್ನು ಬಾಚಿ ಎದೆಗೆ ಒತ್ತಿಕೊಂಡೆ. ಅವನೂ ಒಂದು ಕೈಯಿಂದ ನನ್ನ ಸೆರಗು ಹಿಡಿದ. ಹಿಡಿದವನೇ ಕೆಮ್ಮಿದ. ಮತ್ತೆ ಕೆಮ್ಮಿದ. ಆ ಸಿಳ್ಳೆ ಮರಳಿ ಬಂತು. ನಾನು ಹೆದರಿ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ.

ನರ್ಸ್ ಓಡಿ ಬಂದು ನನ್ನ ತೋಳು ಹಿಡಿದು ಎಳೆದಳು. "ಏನಮ್ಮಾ ಇದು, ನಿಮ್ಮ ಮೈಮೇಲೆ? ಮೊದಲು ಹೊರಗೆ ನಡೀರಿ!"

ಆಗ ನನ್ನನ್ನು ನಾನು ನೋಡಿಕೊಂಡೆ. ಸೆರಗು, ತೋಳು, ಜಡೆ, ಎಲ್ಲದರ ಮೇಲೂ ಸ್ಪ್ರೇ ರೂಮಿನ ಮಬ್ಬು ಒಣಗಿ ಕೂತ ಸಣ್ಣ ಬಿಳಿ ಪುಡಿ. ಮೂಸಿದರೆ ಏನೂ ಇರಲಿಲ್ಲ.

ಹೊರಗೆ ಬಂದು ಬಾಗಿಲ ಗಾಜಿನಿಂದ ನೋಡಿದೆ. ಪುಟ್ಟನ ಕೈ ನನ್ನ ಕಡೆ ಚಾಚಿತ್ತು, ಎದೆ ಏರಿಳಿಯುತ್ತಿತ್ತು. ಬಾಗಿಲ ಸಂದಿನಲ್ಲಿ ಗಾಳಿ ಹೋಗುವುದೇನೋ ಎಂದು ಹಿಂದೆ ಸರಿದೆ. ಒಳಗೆ ಕೆಮ್ಮು ಸ್ವಲ್ಪ ಇಳಿಯಿತು. ಇನ್ನೂ ಹಿಂದೆ ಸರಿದೆ. ಮತ್ತೆ ಇಳಿಯಿತು. ಕಾರಿಡಾರಿನ ತುದಿಯ ಗೋಡೆಗೆ ಬೆನ್ನು ತಾಗಿದಾಗ ಕೆಮ್ಮು ಪೂರ್ತಿ ನಿಂತಿತ್ತು. ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆ ಇಡಲೂ ನನಗೆ ಧೈರ್ಯ ಬರಲಿಲ್ಲ.