ಬಾಗಿಲಲ್ಲಿ ನಿಂತವರು

ಇಸ್ಮಾಯಿಲಸಾಬ ಸರ್ ಆ ಫೋನು ಹಚ್ಚಿದ್ದು ಒಳ್ಳೆಯ ಮನಸ್ಸಿನಿಂದಲೇ. ಇದನ್ನು ಮೊದಲೇ ಹೇಳಿಬಿಡುವುದು ಚಲೋ. ಮುಂದೆ ಆದದ್ದನ್ನು ಕೇಳಿದವರು ಅವರಿಗೆ ಬೈಯದೆ ಬಿಡುವುದಿಲ್ಲ.

ಬೈಲಹೊಂಗಲದ ಆ ಕಾಲೇಜಿನಲ್ಲಿ ಕಾಮರ್ಸ್ ಕಲಿಸುತ್ತಲೇ ಅವರ ತಲೆ ಬೆಳ್ಳಗಾಗಿತ್ತು. ಪಿಯುಸಿ ರಿಸಲ್ಟು ಬಂತೆಂದರೆ ಮಾಸ್ತರರೆಲ್ಲ ಪಾಂಪ್ಲೆಟ್ ಹಿಡಿದು ಹಳ್ಳಿ ಹಳ್ಳಿ ತಿರುಗಿ ಹುಡುಗರನ್ನು ಕರೆತರಬೇಕು, ಇಲ್ಲದಿದ್ದರೆ ಕ್ಲಾಸು ತುಂಬುವುದಿಲ್ಲ. ಈ ಸಲವೂ ಸಿರಸಂಗಿಯಿಂದ ಹಿಡಿದು ರಾಮದುರ್ಗದ ಸಾಲಹಳ್ಳಿಯ ತನಕ ಕಂಡಕಂಡವರ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು ಕುಡಿದು ಹೊಟ್ಟೆ ಕೆಡಿಸಿಕೊಂಡು ಬಂದಿದ್ದರು. ಮಾತೆಲ್ಲ ಅಪ್ಪಂದಿರ ಜೊತೆ. ಒಳಗಿನಿಂದ ಇಣುಕುವ ಹುಡುಗ-ಹುಡುಗಿಯನ್ನು ಅವರು ಒಂದು ಮಾತೂ ಕೇಳಿದವರಲ್ಲ. ಅಪ್ಪ ಹೂಂ ಅಂದರೆ ಆಯಿತು, ಅಡ್ಮಿಷನ್ ಆದಂತೆ. ಅಡ್ಮಿಷನ್ ಆಗುತ್ತಿತ್ತು ಹೌದು, ಆದರೆ ಬಂದವರು ನಿಲ್ಲುತ್ತಿರಲಿಲ್ಲ. ದೀಪಾವಳಿ ಮುಗಿಯುವ ಹೊತ್ತಿಗೆ ಬಿ.ಕಾಂ. ಮೊದಲ ವರ್ಷದ ಕ್ಲಾಸು ಸಂತೆ ಎದ್ದುಹೋದ ಬಯಲಾಗಿತ್ತು.

"ಈಗಿನ ಹುಡುಗ್ರ ಮನಸ್ಸ ತಿಳಕೋರಿ ಸಾಬ್ರ. ಬಂದವರನ್ನ ಹೆಂಗರ ಮಾಡಿ ಉಳಿಸ್ಕೋರಿ" ಎಂದು ಚೇರಮನ್ನರು ಆ ಕೆಲಸವನ್ನು ಇವರ ಕೊರಳಿಗೇ ಕಟ್ಟಿದ್ದರು.

ಮನಸ್ಸು ತಿಳಿಯುವುದೇನು ಬಂತು, ಮಣ್ಣು! ಇಸ್ಮಾಯಿಲಸಾಬರಿಗೆ ಗೊತ್ತಿದ್ದ ಉಪಾಯ ಒಂದೇ. ಅವರು ಸಣ್ಣವರಿದ್ದಾಗ ಸಾಲಿ ಬಿಟ್ಟು ಗೆಳೆಯರ ಜೊತೆ ತಿರುಗುತ್ತಿದ್ದರಂತೆ. ಅವರ ಮಾಸ್ತರು ಮನೆತನಕ ಬಂದು, ಓಣಿಯ ಜನರೆದುರು ಕಪಾಳಕ್ಕೆ ಬಾರಿಸಿ, ಕಿವಿ ಹಿಡಿದು ಎಳೆದುಕೊಂಡು ಹೋದರಂತೆ. "ಆ ಏಟ ಬೀಳದಿದ್ರ ನಾ ಇಲ್ಲಿ ನಿಂದರತಿದ್ದಿಲ್ಲ" ಎಂದು ಪ್ರತಿ ವರ್ಷ ಮೊದಲ ದಿನವೇ ಕ್ಲಾಸಿಗೆ ಹೇಳುತ್ತಿದ್ದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನೂ ಮೇಲಿಂದ ಒಗ್ಗರಣೆ ಹಾಕುತ್ತಿದ್ದರು.

ಹಾಗಾಗಿ ನೇಸರಗಿಯ ಮಾಲಾ ಎಂಬ ಹುಡುಗಿ ಎರಡು ವಾರದಿಂದ ಕಾಣದಾದಾಗ ಅವರು ನೇರ ಅವಳ ಅಪ್ಪ ಪರಪ್ಪನಿಗೆ ಫೋನು ಹಚ್ಚಿದರು. ಪರಪ್ಪ ಊರೂರಿಗೆ ಟಂಟಂ ಆಟೋ ಹೊಡೆಯುವವನು. ಹಿಂದೊಮ್ಮೆ ಇವರ ಕೈಯಲ್ಲೇ ಕಲಿತು, ಅರ್ಧಕ್ಕೇ ಬಿಟ್ಟವನು. ಇವರ ಹೆಸರು ಕೇಳಿದರೆ ಸಾಕು, ಕೂತಲ್ಲಿಂದ ಎದ್ದು ನಿಲ್ಲುವವನು.

"ಸರ್! ನಮಸ್ಕಾರ್ರಿ! ನೀವ ಫೋನ್ ಹಚ್ಚೀರಲ್ರಿ!"

"ಪರಪ್ಪಾ, ಮಗಳಿಗೆ ಆರಾಮ ಇಲ್ಲೇನಪಾ? ಎರಡ ವಾರ ಆತು, ಕ್ಲಾಸಿಗೆ ಬಂದಿಲ್ಲ."

ಆ ಕಡೆ ಗಾಡಿಯ ಸದ್ದು ನಿಂತಿತು.

"ಏನಂದ್ರಿ ಸರ್?"

"ಮಾಲಾ ಕಾಲೇಜಿಗೆ ಬಂದಿಲ್ಲ ಅಂದೆ."

"ದಿನಾ ಮುಂಜಾನೆ ನಾನ ಬಸ್ಸಿಗೆ ಹತ್ತಿಸಿ ಕಳಸ್ತೇನಿ ಸರ್. ಇವತ್ತೂ ಬುತ್ತಿ ಕಟಗೊಂಡ ಹೋಗ್ಯಾಳ."

ಇಸ್ಮಾಯಿಲಸಾಬರಿಗೆ ತಾವು ಮಾಡಿದ್ದೇನೆಂದು ಹೊಳೆಯಿತು. ಮಾತು ಬಾಯಿಂದ ಹೊರಬಿದ್ದಾಗಿತ್ತು, ಮುತ್ತು ಒಡೆದಾಗಿತ್ತು.

"ನಾ ಬರಾಕತ್ತೇನಿ. ಟಿ.ಸಿ. ತಯಾರ ಮಾಡಿಸಿ ಇಡ್ರಿ ಸರ್. ಸಾಕು ಅಕಿ ಕಲತದ್ದು" ಎಂದ ಪರಪ್ಪ. ಫೋನು ಕಟ್ಟಾಯಿತು.

ಸ್ಟಾಫ್ ರೂಮಿನ ಆ ತುದಿಯಲ್ಲಿ ಕೂತಿದ್ದ ಮೃಣಾಲಿನಿ ತಲೆ ಎತ್ತಿದಳು. ಹೋದ ವರ್ಷ ಗೆಸ್ಟ್ ಲೆಕ್ಚರರ್ ಆಗಿ ಬಂದ ಹುಡುಗಿ. ಇವರ ಮಾತೆಲ್ಲ ಅವಳ ಕಿವಿಗೆ ಬಿದ್ದಿತ್ತು.

"ಸರ್, ಮನಿಗೆ ಫೋನ್ ಮಾಡೋಕಿಂತ ಮೊದಲ ಆ ಹುಡುಗಿಗೇ ಒಂದ ಮಾತ ಕೇಳಬಾರದಿತ್ತೇನ್ರಿ?"

"ಅಕಿನ್ನ ಏನ ಕೇಳೂದವಾ? ತಂದಿ-ತಾಯಿ ಅದಾರ ಯಾತಕ್ಕ?"

"ಆಕಿ ನಂಬರರ ಅದ ಏನ್ರಿ ನಿಮ್ಮ ಹತ್ರ?"

ಇರಲಿಲ್ಲ. ಅವರ ಮೊಬೈಲಿನಲ್ಲಿ ಮೂರು ತಾಲೂಕಿನ ಅಪ್ಪಂದಿರ ನಂಬರುಗಳಿದ್ದವು, ಮಕ್ಕಳದೊಂದೂ ಇರಲಿಲ್ಲ.

"ನೀವು ಆಕಿನ್ನ ಹೊರಗ ಹಾಕಿದ್ರಲ್ಲ ಸರ್, ಬೋರ್ಡಿನ ಫೋಟೋ ತಗದಾಳಂತ? ಆವತ್ತಿನಿಂದನ ಆಕಿ ಬಂದಿಲ್ಲ."

ಇಸ್ಮಾಯಿಲಸಾಬರಿಗೆ ನೆನಪಾಯಿತು. ಅವರು ಬೋರ್ಡಿನ ಮೇಲೆ ಬ್ಯಾಲೆನ್ಸ್ ಶೀಟು ಬರೆದು ತಿರುಗಿದರೆ ಈ ಹುಡುಗಿ ಮೊಬೈಲು ಎತ್ತಿ ಫೋಟೋ ಹೊಡೆಯುತ್ತಿದ್ದಳು. ಪಿತ್ತ ನೆತ್ತಿಗೇರಿತ್ತು. "ಬರಿಯೂ ಕೈಗೆ ಲಕ್ವಾ ಹೊಡದೈತೇನು? ನಡಿ ಹೊರಗ!" ಎಂದಿದ್ದರು. ಕ್ಲಾಸು ಗೊಳ್ಳೆಂದು ನಕ್ಕಿತ್ತು. ಮಧ್ಯಾಹ್ನದ ಊಟಕ್ಕೆ ಕೂರುವ ಹೊತ್ತಿಗೆ ಅವರು ಅದನ್ನು ಮರೆತೂಬಿಟ್ಟಿದ್ದರು.

"ಅಯ್ಯ, ಅದೇನ ದೊಡ್ಡ ಮಾತವಾ! ಮರುದಿನ ಬಾಗಲಾಗ ಬಂದು ನಿಂದರಬೇಕು, ತಪ್ಪಾತ್ರಿ ಸರ್ ಅನಬೇಕು. ನಾ ಗೋಣ ಹಾಕ್ತೇನಿ, ಒಳಗ ಬರ್ತಾರ. ಅದು ನನ್ನ ಕ್ಲಾಸಿನ ಪದ್ಧತಿ. ಎಲ್ಲಾರಿಗೂ ಗೊತ್ತೈತಿ."

"ಯಾರಿಗೆ ಗೊತ್ತದ ಸರ್? ಆಕಿಗೆ ಯಾರ ಹೇಳ್ಯಾರ?"

ಇದೆಲ್ಲ ಯಾರಾದರೂ ಹೇಳಿಕೊಡುವ ಮಾತೇ? ತಾನಾಗಿಯೇ ತಿಳಿಯಬೇಕಾದದ್ದು ಎಂದು ಅವರು ನಂಬಿದ್ದರು. ಆದರೆ ಈಗ ನಂಬಿಕೆಯ ವಿಚಾರ ಮಾಡುವ ಹೊತ್ತಲ್ಲ. ನೇಸರಗಿಯಿಂದ ಟಂಟಂ ಹೊರಟಿದೆ. ಹುಡುಗಿ ಎಲ್ಲಿದ್ದಾಳೋ ಗೊತ್ತಿಲ್ಲ. ಇಲಿ ಹೋಯಿತೆಂದರೆ ಹುಲಿ ಹೋಯಿತೆನ್ನುವ ಊರು ಇದು, ನಾಳೆ ಬೆಳಗಾಗುವುದರೊಳಗೆ ಆ ಹುಡುಗಿಯ ಹೆಸರಿಗೆ ಏನೇನು ಹಚ್ಚುತ್ತಾರೋ. ಅಪ್ಪ ಬರುವ ಮೊದಲೇ ಅವಳು ಸಿಗಬೇಕು. ಇಲ್ಲವಾದರೆ ಇವತ್ತಿಗೆ ಅವಳ ಓದು ಮುಗಿಯಿತು, ಮುಗಿಸಿದ್ದೂ ತಾನೇ.

ಅವರು ಕ್ಲಾಸಿಗೆ ಓಡಿ, "ಮಾಲಾ ಎಲ್ಲಿ ಹೋಗ್ತಾಳ? ಯಾರಿಗೆ ಗೊತ್ತೈತಿ ಹೇಳ್ರಿ!" ಎಂದು ಗದರಿದರು. ಎಲ್ಲರೂ ಬೆಂಚು ನೋಡುತ್ತ ಕೂತರು. ಹಿಂದೆಯೇ ಬಂದ ಮೃಣಾಲಿನಿ ಗದರಲಿಲ್ಲ. ಬಾಗಿಲಲ್ಲೇ ನಿಂತು ಹುಡುಗಿಯರ ವಾಟ್ಸಾಪ್ ಗ್ರೂಪಿಗೆ ಒಂದು ಸಾಲು ಹಾಕಿದಳು. ಅವಳ ಮೊಬೈಲು ಟಿಣ್ ಎಂದಿತು.

"ಬಸ್ ಸ್ಟ್ಯಾಂಡಿನ್ಯಾಗ ಕೂಡ್ತಾಳಂತರಿ ಸರ್. ದಿನಾ. ಸಂಜೀ ಬಸ್ಸಿಗೆ ವಾಪಸ್ ಹೋಗ್ತಾಳಂತ." ಮೊಬೈಲು ನೋಡುತ್ತಲೇ ಮತ್ತೆ ಹೇಳಿದಳು, "ಆ ಫೋಟೋ ತಗೀತಿದ್ದದ್ದು ಕಿತ್ತೂರ ಕಡೆ ಹುಡುಗ್ಯಾರಿಗಂತ. ಅವರ ಬಸ್ಸು ತಡಾ ಬರ್ತದ, ಮೊದಲನೇ ಪಿರಿಯಡ್ ಸಿಗಂಗಿಲ್ಲ. ಇಕಿ ಕಳಸೂದು ಬಿಟ್ಟಮ್ಯಾಲ ಅವರೂ ಬರೂದು ಬಿಟ್ಟಾರ."

ಇಸ್ಮಾಯಿಲಸಾಬರು ಖಾಲಿ ಬೆಂಚುಗಳ ಕಡೆ ನೋಡಿದರು. ಚೇರಮನ್ನರು ತಮ್ಮ ಕೊರಳಿಗೆ ಕಟ್ಟಿದ್ದ ಕೆಲಸವನ್ನು ಈ ಹುಡುಗಿ ಯಾರೂ ಹೇಳದೆ ಮಾಡುತ್ತಿದ್ದಳು, ಅವಳನ್ನೇ ತಾವು ಹೊರಗೆ ಹಾಕಿದ್ದರು. ಛೀ! ಚಪ್ಪಲಿ ಮೆಟ್ಟಿದ್ದೇ ಅವರು ಬಸ್ ಸ್ಟ್ಯಾಂಡಿಗೆ ಹೆಚ್ಚುಕಡಿಮೆ ಓಡಿಯೇ ಹೋದರು.

ಹೆಣ್ಣುಮಕ್ಕಳು ಕೂರುವ ಮೂಲೆಯಲ್ಲಿ ಮಾಲಾ ಇದ್ದಳು. ತೊಡೆಯ ಮೇಲೆ ಅಕೌಂಟ್ಸ್ ಪುಸ್ತಕ, ಪಕ್ಕದಲ್ಲಿ ಬುತ್ತಿ ಡಬ್ಬಿ. ಇವರನ್ನು ಕಂಡು ಎದ್ದು ನಿಂತಳು. ಮೊದಲು ಬಾಯಿಗೆ ಬಂದದ್ದು ಬೈಗುಳವೇ. ಹುಟ್ಟುಗುಣ ಎಲ್ಲಿ ಹೋಗಬೇಕು?

"ಏನ ಹಚ್ಚಿಯವಾ ಇದು? ಮನಿಯವರಿಗೆ ಮೋಸ ಮಾಡಿ ಇಲ್ಲಿ ಕುಂದರೂದ?"

"ನೀವು ಹೊರಗ ಹೋಗಂದ್ರಲ್ರಿ ಸರ್."

"ಅಂದೆ. ಅವತ್ತ ಒಂದ ದಿನಕ್ಕ ಅಂದೆ!"

"ಮತ್ತ ಒಳಗ ಬಾ ಅಂತ ಅಂದಿಲ್ರಿ." ಅವಳ ದನಿ ನಡುಗಲಿಲ್ಲ, ಕಣ್ಣು ಮಾತ್ರ ತುಂಬಿದ್ದವು. "ಕರೀತಾರಂತ ತಿಳಕೊಂಡಿದ್ನಿ. ಒಂದ ದಿನಾ ನೋಡಿದೆ, ಎರಡ ದಿನಾ ನೋಡಿದೆ. ಆಮ್ಯಾಲ ಅಪ್ಪಗ ಹೇಳಾಕ ಅಂಜಿಕಿ ಬಂತು. ನೀವಂದ್ರ ದೇವರಂತಾನ ಅವ."

ಆ ಹೊತ್ತಿಗೇ ಟಂಟಂ ಬಂದು ಕರ್ರನೆ ನಿಂತಿತು. ಕಾಲೇಜಿಗೆ ಹೋಗುವ ದಾರಿ ಬಸ್ ಸ್ಟ್ಯಾಂಡಿನ ಮುಂದೆಯೇ ಹಾಯುತ್ತದೆ; ಮಗಳೂ ಮಾಸ್ತರೂ ನಿಂತದ್ದು ಪರಪ್ಪನ ಕಣ್ಣಿಗೆ ಬಿದ್ದಿತ್ತು. ಮುಖ ಕೆಂಪೇರಿತ್ತು. ಬಂದವನೇ ಮಗಳ ರಟ್ಟೆ ಹಿಡಿದ. ಕಡಲೆ ಮಾರುವವಳಿಂದ ಹಿಡಿದು ಕಂಡಕ್ಟರರ ತನಕ ಎಲ್ಲರೂ ತಿರುಗಿ ನೋಡಿದರು.

"ಯಾರಿಗಾಗಿ ಕುಂತಿದ್ದಿ ಇಲ್ಲಿ? ಹೇಳು! ಯಾರ ದಾರಿ ನೋಡಾಕತ್ತಿದ್ದಿ?"

"ಯಾರದೂ ಇಲ್ಲಪ್ಪಾ."

"ಸುಳ್ಳ ಬೊಗಳಬ್ಯಾಡ!" ಕೈ ಮೇಲಕ್ಕೆ ಹೋಯಿತು.

"ಪರಪ್ಪಾ, ಹೊಡೀಬ್ಯಾಡ!" ಇಸ್ಮಾಯಿಲಸಾಬರು ನಡುವೆ ಬಂದರು. ಇಲ್ಲಿ ಒಂದು ಸುಳ್ಳು ಹೇಳಿ ತಾವು ಪಾರಾಗಬಹುದಿತ್ತು. ಆರಾಮ ಇರಲಿಲ್ಲವಂತೆ ಎಂದರೂ ಪರಪ್ಪ ನಂಬುತ್ತಿದ್ದ. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಹುಡುಗಿಯ ಮುಖ ನೋಡಿದರು, ಆಗಲಿಲ್ಲ. "ನಾ ಅಕಿನ್ನ ಕ್ಲಾಸಿನಿಂದ ಹೊರಗ ಹಾಕಿದ್ನಿ. ಎಲ್ಲಾರ ಮುಂದ ಬೈದು ಹೊರಗ ಹಾಕಿದ್ನಿ. ಅದಕ್ಕ ಅಕಿ ಬಂದಿಲ್ಲ."

ಪರಪ್ಪನ ಕೈ ಮೆಲ್ಲಗೆ ಕೆಳಗಿಳಿಯಿತು. ಅವನು ಮಗಳನ್ನು ನೋಡಲಿಲ್ಲ, ಮಾಸ್ತರರನ್ನೇ ನೋಡಿದ.

"ನನ್ನೂ ಹಾಕಿದ್ರಿ ಸರ್" ಎಂದ.

"ಏನು?"

"ನನ್ನೂ ಹೊರಗ ಹಾಕಿದ್ರಿ. ಪುಸ್ತಕ ತಂದಿಲ್ಲಂತ. ಮರುದಿನ ಬಾಗಲಾಗ ನಿಂತೆ, ನೀವು ಬರಿಯಾಕತ್ತಿದ್ರಿ, ತಿರುಗಿ ನೋಡಲಿಲ್ಲ. ಮತ್ತೊಂದಿನಾ ನಿಂತೆ. ಆಮ್ಯಾಲ ಗಾಡಿ ಹೊಡಿಯಾಕ ಹ್ವಾದೆ."

"ಪರಪ್ಪಾ, ಮನ್ಯಾಗ ಅಡಚಣಿ ಆಗಿ ನೀ ಬಿಟ್ಟಿ ಅಂತ..."

"ಹಂಗ ಅಂದ್ರು ಜನ. ನಾನೂ ಹೂಂ ಅಂದೆ. ಗುರುವಿನ ಮ್ಯಾಲ ಹೆಂಗ ಹೇಳೂದ್ರಿ?" ಪರಪ್ಪ ಮಗಳ ರಟ್ಟೆ ಬಿಟ್ಟ. "ಆದರ ಸರ್, ನಿಮ್ಮ ಮಾಸ್ತರು ಮನಿತನಕ ಬಂದು ನಿಮ್ಮನ್ನ ಕರಕೊಂಡ ಹ್ವಾದ್ರಂತ ನೀವ ಹೇಳಿದ್ರಿ. ನೀವೂ ಬರ್ತೀರಂತ ನಾ ದಾರಿ ನೋಡಿದ್ನಿ. ಹೊಡದ್ರ ಹೊಡೀಲಿ, ಬರ್ಲಿ ಅಂತ. ನೀವು ಬರಲಿಲ್ಲ."

ನಮ್ಮ ಕಾಲದ ಹುಡುಗರು ಗಟ್ಟಿ, ಬೈದರೂ ಬಡಿದರೂ ತಡೆದುಕೊಂಡರು, ಈಗಿನವರು ಮೇಣದ ಗೊಂಬೆಗಳು ಎಂದು ಇಸ್ಮಾಯಿಲಸಾಬರು ಎಷ್ಟು ಸಲ ಹೇಳಿದ್ದರು! ತಡೆದುಕೊಂಡವರು ಮಾತ್ರ ಅವರ ಕಣ್ಣಿಗೆ ಕಂಡಿದ್ದರು. ತಡೆಯಲಾರದವರು ಸದ್ದಿಲ್ಲದೆ ಹೋಗಿದ್ದರು, ಎಲ್ಲಿ ಸಿಕ್ಕರೂ ನಮಸ್ಕಾರ ಮಾಡುತ್ತಿದ್ದರು. ತಮ್ಮ ಮಾಸ್ತರರಿಂದ ತಾವು ಕಲಿತದ್ದು ಕಪಾಳಕ್ಕೆ ಬಾರಿಸುವುದನ್ನಷ್ಟೇ. ಆ ಮಾಸ್ತರರು ಬಿಸಿಲಲ್ಲಿ ನಡೆದು ಮನೆಗೆ ಬಂದದ್ದು ಮರೆತೇ ಹೋಗಿತ್ತು.

"ತಪ್ಪಾತಪಾ" ಎಂದರು. ಮಾಲಾಳ ಕಡೆ ತಿರುಗಿದರು. "ನಾಳೆ ಬಾ ತಂಗಿ."

ಹುಡುಗಿ ಅಪ್ಪನ ಮುಖ ನೋಡಿದಳು.

"ಹೊರಗ ಹಾಕಿದವರನ್ನ ದಾರ್ಯಾಗ ಕರೀತಾರೇನ್ರಿ ಸರ್?" ಎಂದ ಪರಪ್ಪ. ಸಿಟ್ಟು ಇಳಿದಿತ್ತು, ಹಟ ಇಳಿದಿರಲಿಲ್ಲ. "ಕರಿಯೂದಿದ್ರ ಮನಿಗೆ ಬಂದು ಕರೀರಿ. ಇಲ್ಲಾಂದ್ರ ಟಿ.ಸಿ. ಕೊಡ್ರಿ."

ಇಸ್ಮಾಯಿಲಸಾಬರು ಟಂಟಂ ಹತ್ತಿ ಕೂತರು.

ಮೂವರನ್ನೂ ಹೊತ್ತು ಗಾಡಿ ನೇಸರಗಿ ಸೇರಿತು. ಮನೆಯ ಮುಂದೆ ಕಟ್ಟೆಯ ಮೇಲೆ ಪರಪ್ಪನ ತಾಯಿ ಕೆಂಚವ್ವ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಕಣ್ಣು ಮಂಜಾಗಿದ್ದವು.

"ಯಾರೋ ಪರ್ಯಾ ಅದು?"

"ನಮ್ಮ ಸರ್ ಬೇ. ಇಸ್ಮಾಯಿಲಸಾಬ ಸರ್."

ಮುದುಕಿಯ ಕೈ ನಿಂತಿತು. "ಬಂದ್ರೇನು? ಬರ್ತಾರಂತ ಹೇಳಿದ್ಯಲ್ಲೋ ನೀ. ಆವತ್ತ ಕಟ್ಟಿ ಸಾರಿಸಿ, ಕಂಬಳಿ ಹಾಸಿ, ಚಾದ ನೀರ ಇಟ್ಟ ಕುಂತಿದ್ನಿ." ಅವಳು ಇವರ ದಿಕ್ಕಿಗೆ ಮುಖ ಎತ್ತಿದಳು. ಅದರಲ್ಲಿ ಕೊಂಕಿರಲಿಲ್ಲ. "ಭಾಳ ತಡಾ ಮಾಡಿದ್ರಿ ನೋಡ್ರಿ ಮಾಸ್ತರ."

ಇಸ್ಮಾಯಿಲಸಾಬರು ಹೊಸ್ತಿಲಿನ ಈಚೆಗೇ ನಿಂತುಬಿಟ್ಟರು. ಪರಪ್ಪ ಗಾಡಿಯ ಹತ್ತಿರವೇ ಮುಖ ತಿರುಗಿಸಿ ನಿಂತಿದ್ದ, ಕರೆಯಲಿಲ್ಲ. ಓಣಿಯ ಮಂದಿ ಬಾಗಿಲುಗಳಿಗೆ ಬಂದು ನೋಡುತ್ತಿದ್ದರು. ಕೈ ಕಟ್ಟಿ, ತಲೆ ತಗ್ಗಿಸಿ, ಆ ವಯಸ್ಸಿನ ಮನುಷ್ಯ ಅಲ್ಲಿ ಎಷ್ಟು ಹೊತ್ತು ನಿಂತರೋ, ಅವರಿಗೇ ತಿಳಿಯಲಿಲ್ಲ. ಬಾಗಿಲಲ್ಲಿ ನಿಲ್ಲುವುದು ಎಂದರೆ ಏನೆಂದು ಅವತ್ತು ಅವರಿಗೆ ಗೊತ್ತಾಯಿತು.

ಮಾಲಾ ಬುತ್ತಿ ಡಬ್ಬಿ ಒಳಗಿಟ್ಟು ಹೊಸ್ತಿಲಿಗೆ ಬಂದಳು.

"ನಾಳೆ ಬರ್ತೇನ್ರಿ ಸರ್" ಎಂದಳು. "ಬೋರ್ಡಿನ ಫೋಟೋ ತಗೀತೇನ್ರಿ ಮತ್ತ."

"ತಗಿ ತಂಗಿ."

"ಒಳಗ ಬರ್ರಿ."

ಅವರು ಚಪ್ಪಲಿ ಬಿಟ್ಟು ಒಳಗೆ ಹೋದರು.