ಬೆನ್ನಿನಿಂದ ಇಳಿಯದ ಗಂಟು

ನನ್ನ ದೊಡ್ಡಮ್ಮ ಸುಬ್ಬಾತಾಳ್ ಬೀದಿಯಲ್ಲಿ ನಡೆದರೂ ಮಗ್ಗ ತುಳಿದಂತೆಯೇ ನಡೆಯುತ್ತಾಳೆ. ಒಂದು ಪಾದವನ್ನು ಪೂರ್ತಿ ಊರಿ, ಅದರ ಮೇಲೆ ಮೈಭಾರ ಬಿಟ್ಟ ನಂತರವೇ ಇನ್ನೊಂದನ್ನು ಎತ್ತುತ್ತಾಳೆ. ಜಗಳದಲ್ಲೂ ಅವಳದು ಇದೇ ನಿಧಾನ. ಎದುರಿನವರ ಮಾತೆಲ್ಲ ಮುಗಿಯುವ ತನಕ ಕಾದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಒಂದೇ ಮಾತು ಹೇಳುವುದನ್ನು ಸ್ಕೂಲು ಬಿಟ್ಟು ಅವಳ ಬಳಿ ನೇಯಲು ಕೂತಾಗಿನಿಂದ ನೋಡುತ್ತಿದ್ದೇನೆ.

ವರ್ಷದ ಮೊದಲ ಸೀರೆಯನ್ನು ಬೆಟ್ಟದ ಮೇಲಿನ ಗುಡಿಯ ಅಮ್ಮನಿಗೆ ಹೊತ್ತೊಯ್ಯುವುದು ತಮಿಳು ಸೀಮೆಯ ನೆಗಮಂನ ನಮ್ಮ ನೇಕಾರರ ಬೀದಿಯಲ್ಲಿ ಅವಳ ಗಂಡನ ಹಕ್ಕಾಗಿತ್ತು. ದೊಡ್ಡಪ್ಪ ತೀರಿಕೊಂಡ ಮರುವರ್ಷ, ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ, ಮೈದುನ ರಾಮಲಿಂಗಂ ಆ ಹಕ್ಕು ಇನ್ನು ತನ್ನದೆಂದರು. ತಾನೇ ಹೊರುತ್ತೇನೆಂದಳು ದೊಡ್ಡಮ್ಮ. ಹಿರಿಯರು ಯೋಚಿಸಿ, ತುದಿ ಮುಟ್ಟುವ ತನಕ ಸೀರೆಯ ಗಂಟು ಬೆನ್ನಿನಿಂದ ಇಳಿಯಬಾರದು, ಇಳಿದರೆ ಹಕ್ಕು ಮೈದುನನದು ಎಂದರು. ಅರ್ಧ ದಾರಿಯ ಹೊರೆಗಲ್ಲಿನ ಮೇಲೆ ಪ್ರತಿ ವರ್ಷ ಅದೇ ಗಂಟನ್ನು ಇಳಿಸಿ ಗಂಡಸರು ಬೀಡಿ ಸೇದುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಅವಳು ಅದನ್ನು ಎತ್ತಿ ಆಡಲಿಲ್ಲ.

ಸೀರೆಯೊಂದಿಗೆ ಪೊಂಗಲಿನ ಅಕ್ಕಿ, ಬೆಲ್ಲ, ಹಿತ್ತಾಳೆ ಪಾತ್ರೆ ಸೇರಿ ಗಂಟು ಚೆನ್ನಾಗಿಯೇ ಭಾರವಿತ್ತು. ಅದನ್ನು ಹೊತ್ತು ಅವಳು ಬೆಟ್ಟ ಹತ್ತಿದಳು; ಹಿರಿಯರು, ರಾಮಲಿಂಗಂ, ನಾನು ಜೊತೆಗೆ. ಒಣಗಿದ ಜಾಲಿ, ಕಾದ ಜಲ್ಲಿ, ಎಲ್ಲಿಯೂ ನೆರಳಿಲ್ಲ. ಹೊರೆಗಲ್ಲಿನ ಹತ್ತಿರ ಎಲ್ಲರೂ ಕೂತರು; ಅವಳು ನಿಂತೇ ನೀರು ಕುಡಿದಳು. ಮೇಲೆ ಬಂಡೆಯ ಹೊಂಡ ಬತ್ತಿತ್ತು, ನನ್ನ ಕೈಯ ನೀರಿನ ಕ್ಯಾನೂ ಬರಿದಾಯಿತು. ಕೊನೆಯ ಏರಿನಲ್ಲಿ ಜಲ್ಲಿ ಜಾರಿ ಅವಳು ಮುಂದಕ್ಕೆ ಬಿದ್ದಳು. ಅಂಗೈ ತರಚಿ ರಕ್ತ ಬಂತು. ರಾಮಲಿಂಗಂ ಓಡಿ ಬಂದು ಗಂಟಿಗೆ ಕೈ ಹಾಕಿದರು.

“ಪೋದುಂ ಅತ್ತಿಗೆ, ಸಾಕು. ಇಲ್ಲಿತನಕ ಬಂದ್ರಲ್ಲ, ಯಾರೂ ಏನೂ ಹೇಳಲ್ಲ. ಕೊಡಿ.”

“ಕೈ ತೆಗಿ ತಂಬಿ. ಬಿದ್ದದ್ದು ನಾನು, ಅಮ್ಮನ ಸೇಲೆ ಅಲ್ಲ.”

ಎದ್ದು ನಿಲ್ಲಲು ಭಾರ ಬಿಡಲಿಲ್ಲ. ಅಂಗೈ, ಮೊಣಕಾಲು ಊರಿಕೊಂಡೇ ಹತ್ತಿದಳು. ಅವಳನ್ನು ದಾಟಿ ಯಾರೂ ಮುಂದೆ ಹೋಗಲಿಲ್ಲ. ತುದಿಯಲ್ಲಿ ಪೂಜಾರಿ ಅವಳ ಬೆನ್ನಿನ ಮೇಲೆಯೇ ಗಂಟು ಬಿಚ್ಚಿ ಸೀರೆ ತೆಗೆದುಕೊಂಡರು.

ಇಳಿಯುವಾಗ ಹಿರಿಯರು, ಬರುವ ವರ್ಷದಿಂದ ಆ ಕಟ್ಟಳೆ ಬೇಡ ಎಂದರು.

“ಇರಲಿ,” ಎಂದಳು ದೊಡ್ಡಮ್ಮ. “ಹೊರೋರಿಗೆಲ್ಲ ಇರಲಿ.”

ಇಂಥವರ ಹಟವನ್ನು ಜನ ಸೊಕ್ಕು ಎನ್ನುತ್ತಾರೆ. ನನಗೆ ಕಂಡದ್ದು ಇಷ್ಟು: ತಮ್ಮನ್ನು ತಡೆಯಲೆಂದು ಮಾಡಿದ ಕಟ್ಟಳೆಯನ್ನು, ಮಾಡಿದವರಿಗಿಂತ ನಿಷ್ಠೆಯಿಂದ ಅವರು ಪಾಲಿಸಿಬಿಡುತ್ತಾರೆ, ಆಮೇಲೆ ಅದನ್ನು ಸಡಿಲಿಸುವ ಅಧಿಕಾರ ಮಾಡಿದವರ ಕೈಯಲ್ಲಿ ಉಳಿಯುವುದಿಲ್ಲ.